ಕೊಡತಿ ಹುಳದ ಚರಿತ್ರೆ

ಬೇಸಗೆಯಲ್ಲಿ ಬತ್ತುತ್ತಿರುವ ಕೆರೆಯ ಮೇಲೆ ಹಾರಾಡುವ, ನೀಳ ಒಡಲಿನ, ನಾಲ್ಕು ರೆಕ್ಕೆಯ ಹುಳುವನ್ನು ಮಕ್ಕಳು ಏರೋಪ್ಲೇನ್ ಚಿಟ್ಟೆ ಎನ್ನುತ್ತಾರೆ. ಅದು ಚಿಟ್ಟೆಯೂ ಅಲ್ಲ, ಆ ಹೆಸರು ಹಳೆಯದೂ ಅಲ್ಲ. ವಿಮಾನವು ನಮ್ಮ ದೇಶದ ಆಕಾಶವನ್ನು ಕಂಡದ್ದು ೧೯೧೦ರ ಸುಮಾರಿಗೆ. ಅದಕ್ಕೆ ಮೊದಲು ಆ ಹೆಸರು ಹುಟ್ಟುವಂತಿರಲಿಲ್ಲ. ಕನ್ನಡ ಪಾಠ ಹೇಳುವ ನನಗೆ ಕೊಡತಿ ಹುಳ ಎಂಬುದೇ ಪ್ರಿಯ. ದಪ್ಪ ತಲೆ, ನೀಳ ಹಿಡಿಯ ಮರದ ಕೊಡತಿಯನ್ನು ಕಂಡವರಿಗೆ ಹೆಸರಿನ ಔಚಿತ್ಯವನ್ನು ವಿವರಿಸಬೇಕಾಗಿಲ್ಲ. ಕುಳಿತಾಗಲೂ ರೆಕ್ಕೆ ಚಾಚಿಕೊಂಡಿರುವುದು ಕೊಡತಿ ಹುಳ; ಸೂಜಿಯಂತೆ ತೆಳ್ಳಗಿದ್ದು, ಸಾಮಾನ್ಯವಾಗಿ ರೆಕ್ಕೆಗಳನ್ನು ಬೆನ್ನ ಮೇಲೆ ಮಡಿಚಿಕೊಳ್ಳುವ ಅದರ ತಂಗಿಗೆ ಇಂಗ್ಲಿಷಿನಲ್ಲಿ ಡ್ಯಾಮ್ಸೆಲ್‌ಫ್ಲೈ ಎಂದು ಹೆಸರು.

ಈ ಹುಳುಗಳಿಗೆ ಶಾಸ್ತ್ರದ ಹೆಸರುಗಳು ದೊರೆತದ್ದು ಯೂರೋಪಿನಲ್ಲಿ. ಮುಂಗಾರಿನೊಡನೆ ಹಿಂಡು ಹಿಂಡಾಗಿ ಬರುವ ಹಳದಿ ಹುಳುವಿಗೆ ಡೆನ್ಮಾರ್ಕಿನ ಫ್ಯಾಬ್ರೀಸಿಯಸ್ ೧೭೯೮ರಲ್ಲಿ ಹೆಸರಿಟ್ಟ. ಬಂಡೆಯ ಬಣ್ಣದ ಇನ್ನೊಂದಕ್ಕೆ ೧೮೪೨ರಲ್ಲಿ ಫ್ರಾನ್ಸಿನ ರಾಂಬೂರ್ ಹೆಸರಿಟ್ಟ. ಭಾರತದಲ್ಲೇ ನಿಂತು ಬಲೆ ಹಿಡಿದು ಇವುಗಳನ್ನು ಬೆನ್ನಟ್ಟಿದವರಲ್ಲಿ ಅಗ್ರಗಣ್ಯನೆಂದರೆ ಫ್ರೆಡರಿಕ್ ಚಾರ್ಲ್ಸ್ ಫ್ರೇಸರ್ (೧೮೮೦–೧೯೬೩). ಇಂಡಿಯನ್ ಮೆಡಿಕಲ್ ಸರ್ವಿಸಿನ ವೈದ್ಯನಾಗಿದ್ದ ಈತ ಬರೆದ ಗ್ರಂಥದ ಮೂರು ಸಂಪುಟಗಳು ೧೯೩೩, ೧೯೩೪ ಮತ್ತು ೧೯೩೬ರಲ್ಲಿ ಹೊರಬಂದುವು. ಇಂದಿಗೂ ಈ ವಿಷಯದಲ್ಲಿ ಅವನ್ನು ತೆರೆಯದೆ ಹೆಜ್ಜೆ ಮುಂದಿಡುವಂತಿಲ್ಲ.

ಆ ಪುಟಗಳಲ್ಲಿ ಕೊಡಗು, ನೀಲಗಿರಿ, ಮಲಬಾರುಗಳ ಹೆಸರು ಮತ್ತೆ ಮತ್ತೆ ಬರುತ್ತದೆ. ಕೊಡಗಿನ ಕಮಿಷನರಾಗಿದ್ದ ಹ್ಯಾನಿಂಗ್ಟನ್ ಎಂಬಾತನ ಹೆಸರು ೧೯೨೩ರಲ್ಲಿ ಒಂದು ಹುಳುವಿಗೇ ಸೇರಿಹೋಯಿತು. ಮಳೆಕಾಡುಗಳಲ್ಲಿ ಬೇರೆಲ್ಲೂ ಇಲ್ಲದ ಬಗೆಗಳಿರುವುದರಿಂದ ಪಂಡಿತರ ಕಣ್ಣು ಅತ್ತ ಹರಿದದ್ದು ಸಹಜ. ಆದರೆ ಅದೊಂದೇ ಕಾರಣವೆಂದು ನಾನು ಒಪ್ಪಲಾರೆ. ಕಾಫಿ ತೋಟಗಳೂ ಹವ್ಯಾಸಿ ದೊರೆಗಳೂ ಇದ್ದ ಕಡೆಯಲ್ಲಿ ಹುಳುವಿಗೂ ಚರಿತ್ರೆ ದೊರಕಿತು. ೧೯೪೮ರ ವರೆಗೆ ನಿಜಾಮನ ಆಡಳಿತದಲ್ಲಿದ್ದು, ೧೯೫೬ರಲ್ಲಿ ಮೈಸೂರು ರಾಜ್ಯವನ್ನು ಸೇರಿದ ನಮ್ಮ ಕಲಬುರಗಿ ಸೀಮೆಗೆ ಅಂಥ ಭಾಗ್ಯವಿರಲಿಲ್ಲ. ಬಿಸಿಲು ನಾಡಿನಲ್ಲಿ ನೀರ ಹುಳುವೆಲ್ಲಿಯದು ಎಂದು ನಗುವವರು ಈಗಲೂ ಇದ್ದಾರೆ.

ಅಂಥವರು ಮೇ ತಿಂಗಳಲ್ಲಿ ಚಿಂಚೋಳಿ ತಾಲ್ಲೂಕಿನ ಐನಾಪುರದ ಕಡೆಗೆ ಬರಬೇಕು. ಹಳ್ಳ ಒಣಗಿ ಮಡುವಿನಲ್ಲಷ್ಟೆ ನೀರು ಉಳಿದಾಗ, ಸುತ್ತಿನ ಕೊಡತಿ ಹುಳುಗಳಿಗೆಲ್ಲ ಅದೇ ಆಸರೆ. ಕೆಂಪು ಗಂಡು ಒಂದು ಕಡ್ಡಿಯನ್ನು ಆರಿಸಿಕೊಂಡು, ಹತ್ತಿರ ಬಂದವರನ್ನು ಓಡಿಸಿ, ಮತ್ತೆ ಅದೇ ಕಡ್ಡಿಗೆ ಬಂದು ಕೂರುತ್ತದೆ. ಛಾಯಾಚಿತ್ರ ತೆಗೆಯುವವನಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಬಿಸಿಲೇರಿದಾಗ ಕೆಲವು ಬಾಲವನ್ನು ನೆಟ್ಟಗೆ ಸೂರ್ಯನತ್ತ ಎತ್ತಿ ಮೈಯ ಮೇಲೆ ಬೀಳುವ ಬಿಸಿಲನ್ನು ತಗ್ಗಿಸಿಕೊಳ್ಳುತ್ತವೆ. ನಮಗೆ ಆ ಉಪಾಯವಿಲ್ಲ, ತಲೆಗೆ ಟವೆಲೇ ಗತಿ. ರಾಂಬೂರನ ಬೂದು ಹುಳುವಂತೂ ಕಲ್ಲಿನ ಮೇಲೆ ರೆಕ್ಕೆ ಅಂಟಿಸಿ ಕುಳಿತರೆ ಎದುರಿದ್ದರೂ ಕಾಣಿಸದು. ಅದು ಬಂಡೆಯ ಗುಂಡಿಯಲ್ಲಿ ನಿಂತ ನೀರಿನಲ್ಲೂ ಸಿಮೆಂಟಿನ ತೊಟ್ಟಿಯಲ್ಲೂ ಮೊಟ್ಟೆಯಿಡುತ್ತದೆ. ಶಹಾಬಾದು, ವಾಡಿಗಳ ಕಡೆ ಕಲ್ಲು ತೆಗೆದು ಬಿಟ್ಟ ಗಣಿಗುಂಡಿಗಳಲ್ಲಿ ನೀರು ನಿಂತರೆ ಅದಕ್ಕೆ ಅಷ್ಟೇ ಸಾಕು.

ಫ್ರೇಸರನ ಕಾಲದಲ್ಲಿ ಹುಳುವನ್ನು ಕೊಂದು ಸೂಜಿ ಚುಚ್ಚಿ ಇಡಬೇಕಾಗಿತ್ತು. ಸತ್ತೊಡನೆ ಕಣ್ಣಿನ ಹೊಳಪು ಹೋಗುತ್ತದೆ, ಮೈಬಣ್ಣ ಮಾಸುತ್ತದೆ. ಜೀವಂತ ಬಣ್ಣವನ್ನು ಉಳಿಸಿದ್ದು ಕ್ಯಾಮರಾ. ೨೦೦೫ರಲ್ಲಿ ಕೆ. ಎ. ಸುಬ್ರಮಣಿಯನ್ ಅವರು ದಕ್ಷಿಣ ಭಾರತದ ಈ ಹುಳುಗಳಿಗೆ ಸಚಿತ್ರ ಕೈಪಿಡಿಯೊಂದನ್ನು ಬರೆದ ಮೇಲೆ ನಮ್ಮಂಥ ಹೊರಗಿನವರಿಗೂ ದಾರಿ ತೆರೆಯಿತು. ಬಾಲದ ತುದಿಯ ಕೊಂಡಿಯನ್ನು ಭೂತಗನ್ನಡಿಯಲ್ಲಿ ನೋಡದೆ ಹೇಳಲಾಗದ ಬಗೆಗಳು ಇಲ್ಲದಿಲ್ಲ. ಆದರೂ ದಿನಾಂಕ, ಊರು ಬರೆದಿಟ್ಟ ಚಿತ್ರ ಒಂದು ದಾಖಲೆಯೇ ಸರಿ. ಅವಿಲ್ಲದ ಚಿತ್ರವೆಂದರೆ ಕಾಲದ ಸಾಲು ಒಡೆದುಹೋದ ಶಾಸನವಿದ್ದಂತೆ; ಮಳಖೇಡದ ನೆರೆಯಲ್ಲಿರುವ ನಮಗೆ ಆ ಸಂಕಟ ಗೊತ್ತು.

ಬರೆದಿಡುವುದರಿಂದ ಏನಾಗುತ್ತದೆಂಬುದಕ್ಕೆ ಒಂದು ನಿದರ್ಶನ. ಮಾಲ್ಡೀವ್ಸ್ ದ್ವೀಪಗಳಲ್ಲಿ ನೆಲೆಸಿದ್ದ ಚಾರ್ಲ್ಸ್ ಆಂಡರ್ಸನ್ ಎಂಬ ಜೀವವಿಜ್ಞಾನಿ, ಸಿಹಿನೀರೇ ವಿರಳವಾದ ಆ ನೆಲಕ್ಕೆ ಪ್ರತಿ ಅಕ್ಟೋಬರಿನಲ್ಲಿ ಹಳದಿ ಹುಳುಗಳು ಬರುವುದನ್ನು ವರ್ಷವರ್ಷವೂ ಗುರುತಿಸಿಟ್ಟ. ಅವು ಭಾರತದಿಂದ ಹೊರಟು ಕಡಲು ದಾಟಿ ಪೂರ್ವ ಆಫ್ರಿಕಕ್ಕೆ ಹೋಗುತ್ತವೆಂದು ೨೦೦೯ರಲ್ಲಿ ಪ್ರಕಟಿಸಿದ. ಹೋಗಿಬರುವ ದಾರಿ ೧೪,೦೦೦ದಿಂದ ೧೮,೦೦೦ ಕಿಲೋಮೀಟರು. ಒಂದೇ ಹುಳು ಪೂರೈಸುವ ಯಾತ್ರೆಯಲ್ಲ, ನಾಲ್ಕು ತಲೆಮಾರುಗಳದು. ಫ್ಯಾಬ್ರೀಸಿಯಸನು ಹೆಸರಿಟ್ಟ ಹುಳುವೇ ಅದು. ಮುಂಗಾರಿನ ತಾತ್ಕಾಲಿಕ ಹೊಂಡದಲ್ಲಿ ಮೊಟ್ಟೆಯೊಡೆದು, ಐದಾರು ವಾರಗಳಲ್ಲೇ ಬೆಳೆದು ರೆಕ್ಕೆ ಬಿಚ್ಚುತ್ತದೆ. ಅಷ್ಟರೊಳಗೆ ಹೊಂಡ ಬತ್ತಿದರೆ, ಯಾರಾದರೂ ಮಣ್ಣು ಸುರಿದು ಮುಚ್ಚಿದರೆ, ಆ ತಲೆಮಾರಿನ ಪಯಣ ಅಲ್ಲಿಯೇ ಮುಗಿಯಿತು. ಐನಾಪುರದ ಸುತ್ತಿನ ಹೊಂಡಗಳಿಂದ ಎಷ್ಟು ಹುಳುಗಳು ಕಡಲ ದಾರಿ ಹಿಡಿಯುತ್ತವೆಂದು ಯಾರೂ ಎಣಿಸಿಲ್ಲ. ಜೂನ್ ತಿಂಗಳಲ್ಲಿ, ಮೊದಲ ಮಳೆಯ ಮರುದಿನ, ಬಯಲಿನ ಮೇಲೆ ಅವು ತೇಲಾಡುವಾಗ ನಾನು ದಿನಾಂಕವನ್ನು ಬರೆದುಕೊಳ್ಳುತ್ತೇನೆ.