ಸಿಂಹಳದ ಮಲೆನಾಡಿನ ತಮಿಳರು

ತುಂಡು ಎಂಬ ಮಾತು ಕನ್ನಡಿಗರಿಗೂ ತಮಿಳರಿಗೂ ಸಮಾನವಾದುದು. ಬಟ್ಟೆಯ ತುಂಡು, ಕಾಗದದ ತುಂಡು ಎಂದು ನಾವು ದಿನವೂ ಆಡುವ ಈ ಸಾಧಾರಣವಾದ ಮಾತಿಗೆ ಸಿಂಹಳದ್ವೀಪದ ಕಾಫಿಯ ಮತ್ತು ಚಹದ ತೋಟಗಳಲ್ಲಿ ಒಂದು ಭಯಂಕರವಾದ ಅರ್ಥವಿದ್ದಿತು. ತೋಟದ ದೊರೆಯು ಬರೆದುಕೊಡುತ್ತಿದ್ದ ಒಂದು ಚೀಟಿಗೆ ಅಲ್ಲಿ ತುಂಡೆಂದು ಹೆಸರು. ಇಷ್ಟು ರೂಪಾಯಿ ಸಾಲವನ್ನು ತೀರಿಸಿದರೆ ಇಂಥ ಗುಂಪಿನ ಆಳುಗಳನ್ನು ಬಿಟ್ಟುಕೊಡಲು ಅಡ್ಡಿಯಿಲ್ಲವೆಂಬುದು ಅದರ ಒಕ್ಕಣೆಯ ಸಾರಾಂಶ. ಈ ಚೀಟಿಯಿಲ್ಲದೆ ಬಂದ ಆಳನ್ನು ಇನ್ನೊಂದು ತೋಟದವರು ಸೇರಿಸುತ್ತಿರಲಿಲ್ಲ. ಆ ಪದ್ಧತಿ 1921ರ ಶಾಸನದಿಂದ ನಿಂತುಹೋಯಿತು. ಆದರೆ ಆ ಜನರ ಬಾಳು ಒಂದಲ್ಲ ಒಂದು ಕಾಗದದ ತುಂಡಿಗೆ ಕಟ್ಟುಬಿದ್ದಿರುವುದು ಅಲ್ಲಿಗೆ ನಿಲ್ಲಲಿಲ್ಲ. ಆ ಕಥೆಯನ್ನೇ ಈಗ ತಮ್ಮ ಮುಂದಿಡಬೇಕೆಂದಿದ್ದೇನೆ.

ಸಿಂಹಳದ ತಮಿಳರೆಂದರೆ ಒಂದೇ ಜನವೆಂದು ನಮ್ಮಲ್ಲಿ ಅನೇಕರು ಭಾವಿಸಿರುವುದುಂಟು. ಅದು ಸರಿಯಲ್ಲ. ಉತ್ತರದ ಜಾಫ್ನಾ ಸೀಮೆಯಲ್ಲಿಯೂ ಪೂರ್ವದ ಕರಾವಳಿಯಲ್ಲಿಯೂ ಇರುವ ತಮಿಳರು ಶತಮಾನಗಳಿಂದ ಆ ನೆಲದವರು. ಅವರಿಗೆ ಅಲ್ಲಿ ಒಂದು ಕಾಲಕ್ಕೆ ಅರಸುಗಳೂ ಇದ್ದರು. ನಾನು ಹೇಳುತ್ತಿರುವುದು ದ್ವೀಪದ ನಡುವಿನ ಬೆಟ್ಟಗಳಲ್ಲಿ, ಕ್ಯಾಂಡಿ, ಹಟ್ಟನ್, ನುವರ ಎಳಿಯ, ಬದುಳ್ಳ ಈ ಊರುಗಳ ಸುತ್ತಣ ತೋಟಗಳಲ್ಲಿ ನೆಲಸಿದ ತಮಿಳರ ಮಾತು. ಇವರು ಹತ್ತೊಂಬತ್ತನೆಯ ಶತಮಾನದಲ್ಲಿ ಹೊಟ್ಟೆಯ ಪಾಡಿಗಾಗಿ ಕಡಲು ದಾಟಿ ಹೋದವರು. ಭಾಷೆಯೊಂದೇ ಆದರೂ ಇವೆರಡು ಜನಗಳಿಗೂ ಬಹುಕಾಲ ಬಳಕೆ ಹೆಚ್ಚಾಗಿರಲಿಲ್ಲ. ಬೆಟ್ಟದ ಕೂಲಿಯೊಡನೆ ತನ್ನನ್ನು ಯಾರಾದರೂ ಸೇರಿಸಿ ಎಣಿಸಿದರೆ ಜಾಫ್ನಾದ ಗೃಹಸ್ಥನು ಸಂತೋಷಪಡುತ್ತಿರಲಿಲ್ಲವೆಂದು ಹೇಳಿದರೆ ಅತಿಶಯೋಕ್ತಿಯಾಗದು.

ಕ್ಯಾಂಡಿಯ ರಾಜ್ಯವು 1815ರಲ್ಲಿ ಆಂಗ್ಲೇಯರ ವಶವಾಯಿತು. ಮುಂದಿನ ಹತ್ತು ವರ್ಷಗಳೊಳಗಾಗಿ ಆ ಬೆಟ್ಟಗಳಲ್ಲಿ ಕಾಫಿಯ ಬೇಸಾಯ ಆರಂಭವಾಯಿತು. 1840ರ ಒಂದು ಶಾಸನವು ಒಡೆತನದ ಪತ್ರವಿಲ್ಲದ ಕಾಡನ್ನೂ ಬೀಳುನೆಲವನ್ನೂ ಸರ್ಕಾರದ್ದೆಂದು ಭಾವಿಸತಕ್ಕದ್ದೆಂದು ವಿಧಿಸಿತು. ಸಿಂಹಳದ ರೈತನು ತಲೆತಲಾಂತರದಿಂದ ಕಡಿದು ಸುಟ್ಟು ರಾಗಿ ಬೆಳೆಯುತ್ತಿದ್ದ, ದನ ಮೇಯಿಸುತ್ತಿದ್ದ ನೆಲದಲ್ಲಿ ಎಷ್ಟೋ ಭಾಗ ಹೀಗೆ ತೋಟಗಾರರ ಕೈಸೇರಿತು. ಕಳೆದುಕೊಂಡ ಭೂಮಿಯಲ್ಲಿಯೇ ದಿನಗೂಲಿ ಮಾಡುವುದಕ್ಕೆ ಅವನು ಒಪ್ಪಲಿಲ್ಲ. ಅವನಿಗೆ ಸ್ವಂತವಾದ ಗದ್ದೆಯಿತ್ತು, ಮಾನವಿತ್ತು. ಇದನ್ನು ಕಂಡು ತೋಟದ ದೊರೆಗಳು ಸಿಂಹಳೀಯರನ್ನು ಸೋಮಾರಿಗಳೆಂದು ಬರೆದಿಟ್ಟರು. ಸೋಮಾರಿತನವೆಂಬ ಮಾತನ್ನು ಇಂಥ ಬರಹಗಳಲ್ಲಿ ಕಂಡಾಗಲೆಲ್ಲ ಬರೆದವನಿಗೆ ಅದರಿಂದ ಏನು ಪ್ರಯೋಜನವಿತ್ತೆಂದು ಕೇಳಿಕೊಳ್ಳುವುದು ಚರಿತ್ರೆಯ ವಿದ್ಯಾರ್ಥಿಗೆ ಒಳ್ಳೆಯ ಅಭ್ಯಾಸ.

ಆಳುಗಳು ಸಿಕ್ಕಿದ್ದು ಕಡಲಿನ ಈಚೆಯ ತಡಿಯಲ್ಲಿ. ತಿರುಚಿರಾಪಳ್ಳಿ, ಮಧುರೆ, ರಾಮನಾಥಪುರ, ತಂಜಾವೂರು, ಸೇಲಂ, ಪುದುಕ್ಕೋಟೆ ಈ ಸೀಮೆಗಳಲ್ಲಿ ಭೂಮಿಯಿಲ್ಲದವರೂ ಸಾಲದಲ್ಲಿ ಮುಳುಗಿದವರೂ ಹೇರಳವಾಗಿದ್ದರು. ಹೋದವರಲ್ಲಿ ಹೆಚ್ಚಿನವರು ಕೀಳೆಂದು ಎಣಿಸಲ್ಪಟ್ಟ ಜಾತಿಗಳವರು. ಊರಿನಲ್ಲಿ ಅವರನ್ನು ಹಿಡಿದು ನಿಲ್ಲಿಸುವಂಥ ಸುಖವೇನೂ ಇರಲಿಲ್ಲ. 1876ರಿಂದ 1878ರವರೆಗಿನ ಕ್ಷಾಮವನ್ನು ನಮ್ಮ ಹಿರಿಯರು ಧಾತು-ಈಶ್ವರದ ಬರವೆಂದು ಕರೆದರು. ಅದೇ ಬರ ತಮಿಳುಸೀಮೆಯಿಂದ ಸಹಸ್ರಾರು ಸಂಸಾರಗಳನ್ನು ಸಿಂಹಳಕ್ಕೆ ಅಟ್ಟಿತು. ಅಲ್ಲಿ ಗಿಡದ ಬುಡವನ್ನು ಅಗೆದರೆ ತೆಂಗಿನಕಾಯಿಯೂ ಒಣಮೀನೂ ದೊರೆಯುವುವೆಂದು ಹೇಳಿ ಕರೆದೊಯ್ದರೆಂಬ ಕಹಿಯಾದ ಹಾಸ್ಯ ಆ ಜನರಲ್ಲಿ ಇಂದಿಗೂ ಉಳಿದಿದೆ.

ಹೋದ ದಾರಿಯನ್ನು ಕುರಿತು ಎರಡು ಮಾತು ಹೇಳಬೇಕು. ರಾಮೇಶ್ವರದ ಬಳಿ ದೋಣಿ ಹತ್ತಿ ಮನ್ನಾರಿನ ತಡಿಯಲ್ಲಿ ಇಳಿದವರು ಅಲ್ಲಿಂದ ಮಾತಳೆಯವರೆಗೆ ನೂರು ಮೈಲಿಗೂ ಮಿಗಿಲಾದ ಕಾಡುಹಾದಿಯನ್ನು ಕಾಲುನಡಗೆಯಲ್ಲಿ ಸವೆಸಬೇಕು. ನೀರಿಲ್ಲದ ಬಯಲು, ಚಳಿಜ್ವರದ ಕಾಡು, ವಾಂತಿಭೇದಿಯ ಭಯ. ನಡೆಯಲಾರದವರನ್ನು ದಾರಿಯಲ್ಲಿಯೇ ಬಿಟ್ಟು ಗುಂಪು ಮುಂದೆ ಸಾಗುತ್ತಿತ್ತು. ಸತ್ತವರ ಲೆಕ್ಕವನ್ನು ಸರಿಯಾಗಿ ಇಟ್ಟವರಿಲ್ಲ. ಕಾಡು ಮುಗಿದು ಬೆಟ್ಟ ಮೊದಲಾಗುವ ಮಾತಳೆಯಲ್ಲಿ ಬದುಕಿ ಬಂದವರು ತಮ್ಮ ಊರಿನ ಮಾರಮ್ಮನನ್ನು ನೆನೆದರು. ಅಲ್ಲಿಯ ಮುತ್ತುಮಾರಿಯಮ್ಮನ ಗುಡಿ 1874ರಲ್ಲಿ ಎದ್ದಿತು. ಈಗ ಅದಕ್ಕೆ ಎತ್ತರವಾದ ಗೋಪುರವಿದೆ, ತೇರುಗಳಿವೆ. ಪಾಂಬನ್ ಸೇತುವೆಯೂ ಧನುಷ್ಕೋಟಿಯಿಂದ ತಲೈಮನ್ನಾರಿಗೆ ಉಗಿಹಡಗೂ ಆದದ್ದು 1914ರಲ್ಲಿ. ಆಮೇಲೆ ಹೋದವರಿಗೆ ಕಾಡಿನ ನಡಗೆ ತಪ್ಪಿತು. ಅದಕ್ಕೆ ಬದಲಾಗಿ ಮಂಡಪಂ ಶಿಬಿರದಲ್ಲಿ ಕೆಲವು ದಿನ ತಡೆದಿಟ್ಟು ರೋಗಪರೀಕ್ಷೆ ಮಾಡುವ ಕ್ರಮ ಬಂದಿತು. ಈ ಮಂಡಪಂ ಎಂಬ ಹೆಸರನ್ನು ತಾವು ನೆನಪಿಟ್ಟುಕೊಳ್ಳಬೇಕು.

ಇವರನ್ನು ಕರೆದೊಯ್ದವನು ಕಂಗಾಣಿ. ಕಣ್ಣಿಟ್ಟು ಕಾಯುವವನೆಂದು ಆ ಮಾತಿನ ಅರ್ಥ. ನಮ್ಮ ಚಿಕ್ಕಮಗಳೂರು ಕೊಡಗುಗಳ ಕಾಫಿತೋಟದ ಮೇಸ್ತ್ರಿಯನ್ನು ಬಲ್ಲವರಿಗೆ ಇವನ ಪರಿಚಯ ಹೇಳಬೇಕಾದುದಿಲ್ಲ. ತೋಟದ ದೊರೆ ಅವನಿಗೆ ಮುಂಗಡ ಹಣ ಕೊಡುವನು. ಅವನು ತನ್ನ ಹಳ್ಳಿಗೇ ಹೋಗಿ, ನೆಂಟರಿಷ್ಟರನ್ನೂ ನೆರೆಕೇರಿಯವರನ್ನೂ ಒಲಿಸಿ, ಅವರ ಹಳೆಯ ಸಾಲವನ್ನು ತೀರಿಸಿ, ಬಟ್ಟೆ ಕೊಡಿಸಿ, ದಾರಿಯ ಬುತ್ತಿಯನ್ನು ನೋಡಿಕೊಂಡು ಕರೆತರುವನು. ಇದೆಲ್ಲವೂ ಆಳಿನ ಹೆಸರಿನಲ್ಲಿ ಸಾಲವಾಗಿ ಬರೆದಿರುವುದು. ಆಳು ಕೆಲಸಕ್ಕೆ ಬಂದ ಪ್ರತಿಯೊಂದು ದಿನಕ್ಕೂ ತಲೆಗೆ ಇಷ್ಟೆಂದು ಕಂಗಾಣಿಗೆ ಕಾಸು ಸಲ್ಲುವುದು. ತೋಟದವರು ಕೊಡುವ ಅಕ್ಕಿಯ ಬೆಲೆ ಕೂಲಿಯಲ್ಲಿ ಮುರಿಯುವುದು. ಗುಂಪು ಬೇರೊಂದು ತೋಟಕ್ಕೆ ಹೋದರೆ ಹೊಸ ದೊರೆ ಹಳೆಯ ಸಾಲವನ್ನು ತೀರಿಸಿ, ಅದಕ್ಕೆ ತಾನು ಕೊಟ್ಟ ಮುಂಗಡವನ್ನೂ ಸೇರಿಸುವನು. ಹೀಗೆ ಒಂದೊಂದು ತುಂಡಿನಲ್ಲಿಯೂ ಮೊತ್ತ ಬೆಳೆಯುತ್ತಿತ್ತೇ ಹೊರತು ಇಳಿಯುತ್ತಿರಲಿಲ್ಲ. ನಟಾಲಿಗೂ ಮಾರಿಷಸ್ಸಿಗೂ ಹೋದ ಕೂಲಿಗಳಿಗೆ ಕರಾರುಪತ್ರವಿತ್ತು, ಐದು ವರ್ಷದ ಗಡುವಿತ್ತು. ಸಿಂಹಳಕ್ಕೆ ಹೋದವನು ಹೆಸರಿಗೆ ಸ್ವತಂತ್ರ. ಅವನ ಸಾಲಕ್ಕೆ ಮಾತ್ರ ಗಡುವಿರಲಿಲ್ಲ. ಕಂಗಾಣಿಯು ಬರಿಯ ರಾಕ್ಷಸನೆಂದು ಹೇಳಿಬಿಡುವುದು ಸುಲಭ. ಆದರೆ ಮದುವೆಗೆ ಹಿರಿಯನಾಗಿ ನಿಲ್ಲುವವನೂ, ಜಗಳಕ್ಕೆ ನ್ಯಾಯ ಹೇಳುವವನೂ, ದೊರೆಯ ಮುಂದೆ ಬಾಯಾಗಿ ಮಾತನಾಡುವವನೂ ಅವನೇ. ಊರನ್ನು ಬಿಟ್ಟುಬಂದವರು ಅವನ ಹಿಂದೆ ಊರನ್ನೇ ಹೊತ್ತು ತಂದಿದ್ದರು, ಅದರ ಜಾತಿಯ ಮೇಲುಕೀಳುಗಳ ಸಮೇತವಾಗಿ.

ಕಾಫಿಯ ಕಾಲದಲ್ಲಿ ಕೊಯ್ಲು ಮುಗಿದೊಡನೆ ಹೆಚ್ಚು ಮಂದಿ ತಮ್ಮ ಊರಿಗೆ ಮರಳುತ್ತಿದ್ದರು. ಈ ಜನರನ್ನು ಸಿಂಹಳದಲ್ಲಿ ನೆಲೆಗೊಳಿಸಿದ್ದು ಒಂದು ಎಲೆಯ ರೋಗವೆಂದರೆ ಆಶ್ಚರ್ಯವಾದೀತು. 1869ರಲ್ಲಿ ಕಾಣಿಸಿಕೊಂಡ ತುಕ್ಕುರೋಗದಿಂದ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಕಾಫಿ ನಾಶವಾಯಿತು. ಜೇಮ್ಸ್ ಟೇಲರ್ ಎಂಬ ಸ್ಕಾಟ್ಲೆಂಡಿನವನು ಲೂಲ್‌ಕಂದುರ ತೋಟದಲ್ಲಿ 1867ರಲ್ಲಿಯೇ 19 ಎಕರೆಯಷ್ಟು ಚಹವನ್ನು ನೆಟ್ಟಿದ್ದನು. ಎಲ್ಲರೂ ಅವನ ದಾರಿಯನ್ನು ಹಿಡಿದರು. ಚಹದ ಚಿಗುರಿಗೆ ಸುಗ್ಗಿಯೆಂಬುದಿಲ್ಲ. ವರ್ಷವೆಲ್ಲ ಕೊಯ್ಯಬೇಕು, ಕೊಯ್ಯಲು ಹೆಂಗಸರ ಕೈಯೇ ಬೇಕೆಂದು ತೋಟದವರ ನಂಬಿಕೆ. ಆದುದರಿಂದ ಗಂಡಸಿನ ಹಿಂದೆ ಹೆಂಡತಿ ಬಂದಳು, ಮಕ್ಕಳು ಬಂದರು, ಅಲ್ಲಿಯೇ ಮೊಮ್ಮಕ್ಕಳು ಹುಟ್ಟಿದರು.

ಆ ಬಾಳು ಹೇಗಿತ್ತು? ನಸುಕಿನಲ್ಲಿ ತಪ್ಪಟೆಯ ಸದ್ದು ಕೇಳಿದೊಡನೆ ಪೆರಟ್ಟಿಗೆ, ಎಂದರೆ ಹಾಜರಿಗೆ, ನಿಲ್ಲಬೇಕು. ಇಂಗ್ಲಿಷಿನ ಪೆರೇಡ್ ಎಂಬ ಮಾತೇ ಹೀಗೆ ವೇಷ ಬದಲಾಯಿಸಿದೆ. ವಾಸ ಲೈನುಮನೆಗಳಲ್ಲಿ. ಸಾಲಾಗಿ ಕಟ್ಟಿದ ಒಂದೊಂದು ಕೋಣೆಯೂ ಸುಮಾರು ಹತ್ತಡಿಗೆ ಹನ್ನೆರಡಡಿ. ಅಡಿಗೆಯೂ ನಿದ್ರೆಯೂ ಹೆರಿಗೆಯೂ ಅದರಲ್ಲಿಯೇ. ತಾಯಿ ಬುಟ್ಟಿಯ ಹಗ್ಗವನ್ನು ತಲೆಗೆ ಕೊಟ್ಟುಕೊಂಡು ಇಬ್ಬನಿಯಲ್ಲಿ ಬೆಟ್ಟವೇರುವಳು. ಅವಳ ಚಿಗುರನ್ನು ತೂಗಿ ಬರೆಯುವವನು ಕಣಕ್ಕಪಿಳ್ಳೆ. ಮನೆಗೆ ಬಂದ ಮೇಲೆ ಒಲೆ, ನೀರು, ಕೂಸು.

ಇಂಥ ಬಾಳಿನಲ್ಲಿಯೂ ಹಬ್ಬವಿತ್ತು. ಮಾಸಿ ತಿಂಗಳಲ್ಲಿ, ನಮ್ಮ ಕಾಮನ ಹುಣ್ಣಿಮೆಯ ಸುಮಾರಿನಲ್ಲಿ, ಅವರು ಕಾಮನ ಕೂತ್ತು ಆಡುತ್ತಾರೆ. ತೋಟದ ಹುಡುಗರೇ ಕಾಮನಾಗಿಯೂ ರತಿಯಾಗಿಯೂ ವೇಷ ಕಟ್ಟುತ್ತಾರೆ. ಮದುವೆಯಾಗುತ್ತದೆ, ಶಿವನ ಕಣ್ಣಿನಿಂದ ಕಾಮನು ಉರಿದುಹೋಗುತ್ತಾನೆ, ರತಿ ಗೋಳಾಡುತ್ತಾಳೆ. ಲೈನಿನವರೆಲ್ಲರೂ ಸೇರಿ ರಾತ್ರಿಯೆಲ್ಲ ಎಚ್ಚರವಿದ್ದು ನೋಡುವ ಆಟ ಇದು. ತಮಿಳುಸೀಮೆಯ ಆಟವು ಚಹದ ಬೆಟ್ಟದಲ್ಲಿ ಬೇರುಬಿಟ್ಟ ಬಗೆ ವಿಚಾರಯೋಗ್ಯವಾದುದು. ಅವರು ದುಡಿಯುವಾಗ ಹಾಡುವ ಪದಗಳನ್ನು ಸಂಗ್ರಹಿಸಿದವರಲ್ಲಿ ಸಿ. ವಿ. ವೇಲುಪ್ಪಿಳ್ಳೈ ಮುಖ್ಯರು. ತೋಟದಲ್ಲಿಯೇ ಹುಟ್ಟಿ ಇಂಗ್ಲಿಷಿನಲ್ಲಿಯೂ ಕವಿತೆ ಬರೆದ ಇವರು 1947ರಲ್ಲಿ ಪಾರ್ಲಿಮೆಂಟಿನ ಸದಸ್ಯರೂ ಆದರು.

ಪಾರ್ಲಿಮೆಂಟಿನವರೆಗೆ ಕೂಲಿಯ ಮಾತು ಹೋದದ್ದು ತನ್ನಷ್ಟಕ್ಕೆ ಆದದ್ದಲ್ಲ. ತಂಜಾವೂರಿನ ಕಡೆಯ ಕೆ. ನಟೇಶ ಅಯ್ಯರ್ ಎಂಬ ಪತ್ರಿಕಾಕರ್ತರು ಬಟ್ಟೆ ಮಾರುವವನ ವೇಷದಲ್ಲಿ ತೋಟಗಳನ್ನು ಹೊಕ್ಕು ಕಣ್ಣಾರೆ ಕಂಡರೆಂದು ಹೇಳುತ್ತಾರೆ. ಹೊರಗಿನವರಿಗೆ ಅಲ್ಲಿ ಪ್ರವೇಶವಿರಲಿಲ್ಲ. 1931ರಲ್ಲಿ ಅವರು ತೋಟದ ಕೆಲಸಗಾರರ ಸಂಘವನ್ನು ಕಟ್ಟಿದರು. ಅವರ ಪತ್ನಿ ಮೀನಾಕ್ಷಿ ಅಮ್ಮಾಳ್ ಸಭೆಗಳಲ್ಲಿ ತಾವೇ ರಚಿಸಿದ ಪದಗಳನ್ನು ಹಾಡಿ ಜನವನ್ನು ಸೇರಿಸುತ್ತಿದ್ದರು. ಅದೇ 1931ರಲ್ಲಿ ಸಿಂಹಳದ ಗಂಡಸರಿಗೂ ಹೆಂಗಸರಿಗೂ ಮತದಾನದ ಹಕ್ಕು ಬಂದಿತು. ಆದರೆ ಭಾರತೀಯರು ಶಾಶ್ವತವಾಗಿ ನೆಲಸಿದವರೆಂದು ತೋರಿಸಿಕೊಡಬೇಕೆಂಬ ಕಟ್ಟುಪಾಡು ಅದಕ್ಕಿತ್ತು. ಮತ್ತೊಂದು ತುಂಡು! 1939ರಲ್ಲಿ ಜವಾಹರಲಾಲ ನೆಹರೂ ಅಲ್ಲಿಗೆ ಹೋದಾಗ ಸಿಲೋನ್ ಇಂಡಿಯನ್ ಕಾಂಗ್ರೆಸ್ ಹುಟ್ಟಿತು. ಮರುವರ್ಷ ಜನವರಿಯಲ್ಲಿ ಮುಲ್ಲೋಯ ತೋಟದ ಮುಷ್ಕರದಲ್ಲಿ ಗೋವಿಂದನ್ ಎಂಬ ಕೆಲಸಗಾರನು ಪೋಲೀಸರ ಗುಂಡಿಗೆ ಬಲಿಯಾದನು.

ಸಿಂಹಳವು 1948ರ ಫೆಬ್ರವರಿ 4ರಂದು ಸ್ವತಂತ್ರವಾಯಿತು. ಆ ವರ್ಷವೇ ಬಂದ ಪೌರತ್ವದ ಶಾಸನದ ಪ್ರಕಾರ, ದ್ವೀಪದಲ್ಲಿ ಹುಟ್ಟಿದವನಾದರೂ ತನ್ನ ತಂದೆಯೂ ಅಲ್ಲಿಯೇ ಹುಟ್ಟಿದನೆಂಬುದನ್ನು ಸಾಧಿಸಬೇಕು. ಲೈನುಮನೆಯ ಹತ್ತಡಿ ಕೋಣೆಯಲ್ಲಿ ಹುಟ್ಟಿದ ಅಪ್ಪನ ಜನನಪತ್ರವನ್ನು ಯಾರು ತೆಗೆದಿಟ್ಟಿದ್ದರು? ಮರುವರ್ಷದ ಇನ್ನೊಂದು ಶಾಸನದಿಂದ ಅವರ ಮತದಾನದ ಹಕ್ಕೂ ಹೋಯಿತು. ಭಾರತೀಯರ ಪೌರತ್ವಕ್ಕೆಂದೇ ಆದ ಕಾನೂನಿನ ಮೇರೆಗೆ ಎಂಟು ಲಕ್ಷಕ್ಕೂ ಮಿಗಿಲಾದ ಜನರ ಪರವಾಗಿ ಅರ್ಜಿಗಳು ಹೋದವು. ಪೌರತ್ವ ದೊರೆತದ್ದು ಸುಮಾರು 1,34,000 ಮಂದಿಗೆ. 1947ರಲ್ಲಿ ಹಲವರು ಪ್ರತಿನಿಧಿಗಳನ್ನು ಕಳುಹಿಸಿದ್ದ ಈ ಜನ 1952ರಲ್ಲಿ ಒಬ್ಬನನ್ನೂ ಕಳುಹಿಸಲಾರದಾಯಿತು. ನೆಲ ಕಳೆದುಕೊಂಡ ಸಿಂಹಳದ ರೈತನ ಅಸಮಾಧಾನ ನಿಜವಾದುದೇ. ಆದರೆ ಆ ನೆಲವನ್ನು ಕಿತ್ತುಕೊಂಡವನು ಕೂಲಿಯಲ್ಲ. ಕಿತ್ತುಕೊಂಡ ತೋಟಗಾರರ ಆಸ್ತಿಗೆ 1948ರಲ್ಲಿ ಯಾವ ಬಾಧೆಯೂ ಆಗಲಿಲ್ಲವೆಂಬುದನ್ನು ಗಮನಿಸಬೇಕು. ತಮಿಳು ನಾಯಕರಲ್ಲಿಯೂ ಜಿ. ಜಿ. ಪೊನ್ನಂಬಲಂ ಸರ್ಕಾರವನ್ನು ಸೇರಿದರು. ಈ ಪ್ರಶ್ನೆಯಲ್ಲಿ ಅವರಿಂದ ಬೇರೆಯಾದ ಎಸ್. ಜೆ. ವಿ. ಚೆಲ್ವನಾಯಕಂ 1949ರಲ್ಲಿ ಹೊಸ ಪಕ್ಷವನ್ನು ಕಟ್ಟಿದರು.

ಭಾರತವೂ ಇವರನ್ನು ತನ್ನವರೆನ್ನಲಿಲ್ಲ. ಕೊನೆಗೆ 1964ರ ಅಕ್ಟೋಬರಿನಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಗಳೂ ಸಿರಿಮಾವೋ ಬಂಡಾರನಾಯಕೆಯವರೂ ಒಪ್ಪಂದ ಮಾಡಿಕೊಂಡು 9,75,000 ಜನರನ್ನು ಹಂಚಿಕೊಂಡರು. 5,25,000 ಮಂದಿ ಭಾರತಕ್ಕೆ, 3,00,000 ಮಂದಿ ಸಿಂಹಳಕ್ಕೆ. ಉಳಿದ ಲಕ್ಷದ ಐವತ್ತು ಸಾವಿರವನ್ನು 1974ರಲ್ಲಿ ಸಮವಾಗಿ ಭಾಗಮಾಡಿದರು. ಆ ಜನರನ್ನು ಯಾರೂ ಕೇಳಲಿಲ್ಲ. ಒಂದೇ ಲೈನಿನಲ್ಲಿ ಅಣ್ಣನಿಗೆ ಒಂದು ದೇಶ, ತಮ್ಮನಿಗೆ ಇನ್ನೊಂದು. ಹೀಗೆ ಮರಳಿದವರು ಹಡಗಿನಿಂದಿಳಿದು ಮೊದಲು ತಂಗಿದ್ದು, ಅವರ ಅಜ್ಜಂದಿರನ್ನು ರೋಗಪರೀಕ್ಷೆಗೆ ತಡೆದಿಟ್ಟಿದ್ದ ಮಂಡಪಂ ಶಿಬಿರದಲ್ಲಿಯೇ.

ತಾವು ಕಂಡೇ ಇರದ ತಾಯ್ನಾಡಿನಲ್ಲಿ ಇವರು ಸಿಲೋನಿನವರೆನಿಸಿದರು. ನೀಲಗಿರಿಯಲ್ಲಿ ಸರ್ಕಾರದ ಚಹದ ತೋಟಗಳು ಇವರಿಗಾಗಿಯೇ ಎದ್ದವು. ಕನ್ನಡನಾಡಿಗೂ ಒಂದು ಪಾಲು ಬಂದಿತು: ದಕ್ಷಿಣಕನ್ನಡದ ಸುಳ್ಯ ಮತ್ತು ಪುತ್ತೂರಿನ ಸುತ್ತ ಸರ್ಕಾರ ಬೆಳೆಸಿದ ರಬ್ಬರು ತೋಟಗಳಲ್ಲಿ ಹಾಲು ಇಳಿಸುವವರಲ್ಲಿ ಬಹುಮಂದಿ ಇವರೇ. ಅವರ ಮಕ್ಕಳು ಮೊಮ್ಮಕ್ಕಳು ಈಗ ಕನ್ನಡವನ್ನೂ ಬಲ್ಲರು. ಇಲ್ಲಿಯೂ ಜಾತಿಯ ಪ್ರಮಾಣಪತ್ರಕ್ಕಾಗಿ ಅವರು ಬಹುಕಾಲ ಕಚೇರಿಗಳ ಮುಂದೆ ನಿಲ್ಲಬೇಕಾಯಿತು.

ಕಾಳಗದ ಕಾರಣ 1984ರಲ್ಲಿ ತಲೈಮನ್ನಾರಿನ ಹಡಗು ನಿಂತುಹೋಯಿತು. ಹೋಗಬೇಕಾಗಿದ್ದವರಲ್ಲಿ ಎಷ್ಟೋ ಮಂದಿ ಅಲ್ಲಿಯೇ ಉಳಿದರು, ಕೈಯಲ್ಲಿ ಭಾರತದ ಪತ್ರ, ಕಾಲಡಿಯಲ್ಲಿ ಸಿಂಹಳದ ನೆಲ. ಇಂಥವರಿಗೂ, ಯಾವ ದೇಶದ ಪತ್ರವೂ ಇಲ್ಲದವರಿಗೂ, 2003ರ ಶಾಸನವು ಪೌರತ್ವವನ್ನು ಕೊಟ್ಟಿತು. 2012ರ ಜನಗಣತಿಯಲ್ಲಿ ಭಾರತೀಯ ತಮಿಳರೆಂದು ಬರೆಯಿಸಿದವರು ಸುಮಾರು 8,39,000. ಅವರಲ್ಲಿ ಅನೇಕರಿಗೆ ಈಗ ಆ ಹೆಸರು ಹಿಡಿಸುವುದಿಲ್ಲ. ಮಲೈಯಗ ತಮಿಳರು, ಎಂದರೆ ಮಲೆನಾಡಿನ ತಮಿಳರು, ಎಂದು ಕರೆದುಕೊಳ್ಳುತ್ತಾರೆ. ತಮ್ಮವರು ಬಂದು 200 ವರ್ಷವಾದ ನೆನಪಿಗಾಗಿ 2023ರಲ್ಲಿ ಅವರು ತಲೈಮನ್ನಾರಿನಿಂದ ಮಾತಳೆಯವರೆಗೆ ಹಳೆಯ ದಾರಿಯಲ್ಲಿ ಮತ್ತೆ ನಡೆದರು. ಅವರ ಬೇಡಿಕೆಗಳಲ್ಲಿ ಒಂದು, ಲೈನುಮನೆಯನ್ನು ಬಿಟ್ಟು ಸ್ವಂತ ಮನೆ ಕಟ್ಟಿಕೊಳ್ಳಲು ತಮ್ಮ ಹೆಸರಿನಲ್ಲಿ ಪತ್ರವಿರುವ ಅಷ್ಟು ನೆಲ.