ಹುಟ್ಟು ಸಾವುಗಳನ್ನು ಹೊರಗಿಟ್ಟ ದ್ವೀಪ: ಡೆಲೋಸ್ ಮತ್ತು ಅದರ ಜನ

ಏಜಿಯನ್ ಸಮುದ್ರದ ಮೈಕೊನೋಸ್ ದ್ವೀಪದ ಹಳೆಯ ಬಂದರಿನಿಂದ ಬೆಳಗಿನ ಹೊತ್ತು ಹೊರಡುವ ದೋಣಿಗಳು ಸುಮಾರು ಅರ್ಧ ಗಂಟೆಯಲ್ಲಿ ಡೆಲೋಸ್ ದ್ವೀಪವನ್ನು ಮುಟ್ಟುತ್ತವೆ. ಬೇಸಗೆಯಲ್ಲಿ ಉತ್ತರದಿಂದ ಬೀಸುವ ಮೆಲ್ಟೆಮಿ ಗಾಳಿ ಬಿರುಸಾದ ದಿನಗಳಲ್ಲಿ ಅವು ಹೊರಡುವುದೇ ಇಲ್ಲ. ಹೋದವರು ಕೆಲವು ಗಂಟೆಗಳ ಕಾಲ ಸುತ್ತಾಡಿ, ನಿಗದಿಯಾದ ದೋಣಿಯಲ್ಲಿ ಹಿಂದಿರುಗಲೇಬೇಕು. ಕಾವಲುಗಾರರು ಮತ್ತು ಉತ್ಖನನದ ವಿದ್ವಾಂಸರನ್ನು ಬಿಟ್ಟರೆ ಯಾರೂ ಅಲ್ಲಿ ರಾತ್ರಿ ತಂಗುವಂತಿಲ್ಲ. ಪ್ರಾಚ್ಯಾವಶೇಷಗಳ ರಕ್ಷಣೆಗಾಗಿ ಆಧುನಿಕ ಸರ್ಕಾರ ಮಾಡಿದ ಕಟ್ಟಳೆ ಇದು ಎಂದು ಮೇಲ್ನೋಟಕ್ಕೆ ತೋರುತ್ತದೆ. ಅದು ನಿಜವೂ ಹೌದು. ಆದರೆ ಈ ನೆಲದ ಮೇಲೆ ಯಾರು ಇರಬಹುದು, ಯಾರು ಇರಬಾರದು ಎಂಬುದನ್ನು ಹೊರಗಿನವರು ನಿರ್ಧರಿಸುವ ಪರಿಪಾಠಕ್ಕೆ ಇಪ್ಪತ್ತನಾಲ್ಕು ಶತಮಾನಗಳ ಹಿಂದಿನ ಚರಿತ್ರೆಯಿದೆ. ಡೆಲೋಸಿನ ದೇವಾಲಯಗಳ ಕುರಿತು, ಸಿಂಹಶಿಲ್ಪಗಳ ಕುರಿತು ಸಾಕಷ್ಟು ಬರೆಯಲಾಗಿದೆ. ಅಲ್ಲಿ ಬಾಳಿದ ಜನರ ಕಥೆ ಆಕರಗಳಲ್ಲಿ ಚದುರಿಹೋಗಿದ್ದು, ಅದನ್ನು ಒಟ್ಟುಗೂಡಿಸಿ ನೋಡಿದಾಗ ಪಾವಿತ್ರ್ಯ ಎಂಬ ಪರಿಕಲ್ಪನೆಯ ಇನ್ನೊಂದು ಮುಖ ಕಾಣಿಸುತ್ತದೆ.

ದ್ವೀಪ ತೀರ ಚಿಕ್ಕದು. ಉದ್ದ ಸುಮಾರು 5 ಕಿಲೋಮೀಟರ್, ವಿಸ್ತೀರ್ಣ ಮೂರೂವರೆ ಚದರ ಕಿಲೋಮೀಟರಿನಷ್ಟು. ನಡುವೆ ಇರುವ ಕಿಂಥೋಸ್ ಬೆಟ್ಟದ ಎತ್ತರ ನೂರಹತ್ತು ಮೀಟರುಗಳನ್ನು ಸ್ವಲ್ಪವೇ ಮೀರುತ್ತದೆ. ಮರಗಳಿಲ್ಲ, ಹೇಳಿಕೊಳ್ಳುವಂತಹ ಬೆಳೆ ಭೂಮಿಯಿಲ್ಲ. ಇಂತಹ ಬರಡು ಬಂಡೆಗೆ ಮಹತ್ತು ಬಂದುದು ಒಂದು ಹೆರಿಗೆಯ ಕಥೆಯಿಂದ. ಜ್ಯೂಸನಿಂದ ಗರ್ಭ ಧರಿಸಿದ ಲೆಟೊ, ಹೀರಾಳ ಮುನಿಸಿಗೆ ಅಂಜಿದ ನಾಡುಗಳೆಲ್ಲ ತನಗೆ ಆಸರೆ ನಿರಾಕರಿಸಲು ಅಲೆದಲೆದು ಡೆಲೋಸಿಗೆ ಬಂದಳು. ಅಲ್ಲಿ ಖರ್ಜೂರದ ಜಾತಿಯ ತಾಳೆಮರವೊಂದನ್ನು ತಬ್ಬಿ ಅಪೊಲೊನನ್ನು ಹೆತ್ತಳು. ಹೋಮರನ ಹೆಸರಿನಲ್ಲಿ ಪ್ರಚಲಿತವಿರುವ ಅಪೊಲೊ ಸ್ತೋತ್ರದಲ್ಲಿ ದ್ವೀಪವೇ ಮಾತನಾಡುತ್ತದೆ. ಹುಟ್ಟಲಿರುವ ದೇವರು ತನ್ನ ಕಲ್ಲುನೆಲವನ್ನು ಕಂಡು ಹೇಸಿ, ಕಾಲಿನಿಂದ ಒದ್ದು ಕಡಲಿಗೆ ಅದ್ದಿಬಿಟ್ಟಾನು ಎಂಬ ಭಯ ಅದಕ್ಕೆ. ಮೊದಲ ಗುಡಿ ಇಲ್ಲಿಯೇ ಆಗುವುದೆಂದು ಲೆಟೊ ಆಣೆಯಿಟ್ಟ ಮೇಲೆಯೇ ಅದು ಒಪ್ಪುತ್ತದೆ. ಬಡ ನೆಲವೊಂದು ದೇವರ ಹೆಸರಿನಲ್ಲಿ ಯಾತ್ರಿಕರನ್ನು ನೆಚ್ಚಿ ಬದುಕುವ ಕರಾರು ಇದು. ಪುರಾಣಗಳು ಅರ್ಥವ್ಯವಸ್ಥೆಯನ್ನು ಇಷ್ಟು ಬಿಚ್ಚುಮಾತಿನಲ್ಲಿ ಹೇಳುವುದು ಅಪರೂಪ. ಕ್ರಿ.ಪೂ. 3ನೆಯ ಶತಮಾನದ ಕವಿ ಕ್ಯಾಲಿಮ್ಯಾಕಸ್ ಇದೇ ಕಥೆಯನ್ನು ಬೆಳೆಸಿ, ಡೆಲೋಸ್ ಮೊದಲು ಆಸ್ಟೀರಿಯಾ ಎಂಬ ಹೆಸರಿನ ತೇಲುವ ದ್ವೀಪವಾಗಿದ್ದು, ಈ ಜನನದ ಬಳಿಕವೇ ಒಂದೆಡೆ ನೆಲೆನಿಂತಿತೆಂದು ವರ್ಣಿಸಿದ.

ಕರಾರು ಫಲಿಸಿತು. ನೀಳ ಉಡುಪಿನ ಅಯೋನಿಯನ್ನರು ಹೆಂಡಿರು ಮಕ್ಕಳೊಡನೆ ಹಡಗುಗಳಲ್ಲಿ ಬಂದು ಇಲ್ಲಿ ನೆರೆಯುತ್ತಿದ್ದುದನ್ನು, ಮುಷ್ಟಿಯುದ್ಧ, ಕುಣಿತ, ಹಾಡುಗಳ ಸ್ಪರ್ಧೆ ನಡೆಯುತ್ತಿದ್ದುದನ್ನು ಅದೇ ಸ್ತೋತ್ರ ಹೇಳುತ್ತದೆ. ಇದನ್ನು ಜಾತ್ರೆ ಎಂದು ಕರೆದರೆ ತಪ್ಪಾಗದು. ಬಂದವರಿಗೆ ಅಡುಗೆ ಮಾಡಿ ಬಡಿಸುವುದು ದ್ವೀಪದ ಜನರ ಕಸುಬಾಯಿತು. ಅಡುಗೆಮನೆಗೆ ಸಂಬಂಧಿಸಿದ ಅಡ್ಡಹೆಸರುಗಳಿಂದ ಡೆಲೋಸಿಗರನ್ನು ಗೇಲಿ ಮಾಡುತ್ತಿದ್ದುದನ್ನು ಬಹುಕಾಲದ ನಂತರದ ಅಥೀನಿಯಸ್ ತನ್ನ ಸಂಕಲನದಲ್ಲಿ ದಾಖಲಿಸಿದ್ದಾನೆ.

ಈ ಜಾತ್ರೆಯ ನೆಲದ ಮೇಲೆ ರಾಜಕೀಯದ ಕಣ್ಣು ಬೀಳಲು ತಡವಾಗಲಿಲ್ಲ. ಕ್ರಿ.ಪೂ. 6ನೆಯ ಶತಮಾನದಲ್ಲಿ ಅಥೆನ್ಸಿನ ಪಿಸಿಸ್ಟ್ರಾಟಸ್, ದೇವಾಲಯದಿಂದ ಕಣ್ಣಿಗೆ ಬೀಳುವಷ್ಟು ದೂರದವರೆಗಿನ ಸಮಾಧಿಗಳನ್ನು ಅಗೆಸಿ ದ್ವೀಪದ ಬೇರೆ ಭಾಗಕ್ಕೆ ಸಾಗಿಸಿದ. ಅದೇ ಶತಮಾನದಲ್ಲಿ ಸೇಮೋಸಿನ ಪಾಲಿಕ್ರಟೀಸ್, ಎದುರಿಗಿರುವ ರೆನಿಯಾ ದ್ವೀಪವನ್ನು ಗೆದ್ದು, ಅದನ್ನು ಸರಪಳಿಯಿಂದ ಡೆಲೋಸಿಗೆ ಬಿಗಿದು ಅಪೊಲೊನಿಗೆ ಅರ್ಪಿಸಿದ. ಪರ್ಷಿಯನ್ನರ ವಿರುದ್ಧ ಗ್ರೀಕ್ ನಗರಗಳು ಕ್ರಿ.ಪೂ. 478ರಲ್ಲಿ ಕಟ್ಟಿಕೊಂಡ ಒಕ್ಕೂಟದ ಬೊಕ್ಕಸವೂ ಇಲ್ಲಿಯೇ ಇತ್ತು. ಕ್ರಿ.ಪೂ. 454ರಲ್ಲಿ ಅದನ್ನು ಅಥೆನ್ಸಿಗೆ ಸಾಗಿಸಿದರು. ಹಣ ಹೋಯಿತು, ಹಿಡಿತ ಉಳಿಯಿತು.

ನಿರ್ಣಾಯಕ ಘಟನೆ ನಡೆದುದು ಕ್ರಿ.ಪೂ. 426-425ರ ಚಳಿಗಾಲದಲ್ಲಿ. ಅಥೆನ್ಸ್ ಸ್ಪಾರ್ಟಾದೊಡನೆ ಯುದ್ಧದಲ್ಲಿ ಮುಳುಗಿತ್ತು, ಮಹಾಮಾರಿಯಿಂದ ಬಸವಳಿದಿತ್ತು. ದೈವವಾಣಿಯೊಂದರ ಆಧಾರದ ಮೇಲೆ ಅಥೆನ್ಸಿಗರು ಡೆಲೋಸನ್ನು ಸಂಪೂರ್ಣವಾಗಿ ಶುದ್ಧಿಗೊಳಿಸಲು ಹೊರಟರು. ದ್ವೀಪದಲ್ಲಿದ್ದ ಸಮಾಧಿಗಳನ್ನೆಲ್ಲ ತೆರೆದು ಅಸ್ಥಿಗಳನ್ನು ರೆನಿಯಾಕ್ಕೆ ಒಯ್ದರು. ಇನ್ನು ಮುಂದೆ ಡೆಲೋಸಿನಲ್ಲಿ ಯಾರೂ ಸಾಯಕೂಡದು, ಯಾರೂ ಹೆರಕೂಡದು. ಸಾವು ಸಮೀಪಿಸಿದವರನ್ನೂ ದಿನ ತುಂಬಿದ ಗರ್ಭಿಣಿಯರನ್ನೂ ಜಲಸಂಧಿ ದಾಟಿಸಿ ರೆನಿಯಾಕ್ಕೆ ಸಾಗಿಸಬೇಕು ಎಂದು ವಿಧಿಸಿದರು. ಜನನಸೂತಕ, ಮರಣಸೂತಕಗಳ ಕಲ್ಪನೆ ನಮಗೆ ಅಪರಿಚಿತವಲ್ಲ. ಆದರೆ ಸೂತಕಕ್ಕೆ ಒಂದು ಅವಧಿಯಿದೆ, ಅದು ಕಳೆಯುತ್ತದೆ. ಇಲ್ಲಿ ಒಂದಿಡೀ ಊರಿನ ಹುಟ್ಟು ಸಾವುಗಳನ್ನೇ ಕಾಯಂ ಆಗಿ ಗಡಿಯಾಚೆಗೆ ಕಳಿಸಲಾಯಿತು. ದೇವಿಯೊಬ್ಬಳ ಹೆರಿಗೆಯಿಂದ ಪವಿತ್ರವಾದ ನೆಲದಲ್ಲಿ ಮಾನವ ಸ್ತ್ರೀಯರ ಹೆರಿಗೆ ಮೈಲಿಗೆಯಾಯಿತೆಂಬ ವಿಪರ್ಯಾಸವನ್ನು ಆ ಕಾಲದ ಯಾವ ಲೇಖಕನೂ ಎತ್ತಿ ಆಡಿದಂತಿಲ್ಲ.

ಈ ಅಗೆತದಿಂದ ಇತಿಹಾಸಲೇಖನಕ್ಕೆ ದಕ್ಕಿದ ಒಂದು ಅನಿರೀಕ್ಷಿತ ಲಾಭವಿದೆ. ತೆರೆದ ಸಮಾಧಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಕೇರಿಯನ್ನರವೆಂದು, ಜೊತೆಗೆ ಹೂಳಿದ ಆಯುಧಗಳ ಮಾದರಿಯಿಂದಲೂ ಶವಸಂಸ್ಕಾರದ ಕ್ರಮದಿಂದಲೂ ತಿಳಿದುಬಂತೆಂದು ಥುಸಿಡಿಡೀಸ್ ತನ್ನ ಗ್ರಂಥದ ಮೊದಲ ಭಾಗದಲ್ಲಿ ಹೇಳುತ್ತಾನೆ. ದ್ವೀಪಗಳ ಮೊದಲ ನಿವಾಸಿಗಳು ಯಾರೆಂಬ ತನ್ನ ವಾದಕ್ಕೆ ಅದನ್ನು ಸಾಕ್ಷಿಯಾಗಿ ಬಳಸುತ್ತಾನೆ. ಅವನ ತೀರ್ಮಾನ ಸರಿಯೇ ಎಂಬುದು ಬೇರೆ ಪ್ರಶ್ನೆ. ನೆಲದಡಿಯ ವಸ್ತುಗಳಿಂದ ಗತಕಾಲವನ್ನು ಅನುಮಾನಿಸುವ ಈ ಕ್ರಮ, ಪುರಾತತ್ತ್ವ ಎಂಬ ಶಾಸ್ತ್ರ ಹುಟ್ಟುವುದಕ್ಕೆ ಎರಡು ಸಾವಿರ ವರ್ಷಗಳಿಗೂ ಮೊದಲಿನದೆಂಬುದು ಸಣ್ಣ ಮಾತಲ್ಲ.

ಎಲ್ಲ ಸಮಾಧಿಗಳನ್ನೂ ತೆಗೆದರೆಂದು ಥುಸಿಡಿಡೀಸ್ ಹೇಳಿದರೂ ಎರಡು ಉಳಿದವು. ದೂರದ ಉತ್ತರದ ಹೈಪರ್‌ಬೋರಿಯನ್ನರ ನಾಡಿನಿಂದ ಕಾಣಿಕೆ ಹೊತ್ತು ಬಂದು ಇಲ್ಲಿಯೇ ತೀರಿಕೊಂಡರೆನ್ನಲಾದ ಕನ್ಯೆಯರ ಗೋರಿಗಳವು. ಮದುವೆಗೆ ಮುನ್ನ ಡೆಲೋಸಿನ ಹೆಣ್ಣುಮಕ್ಕಳು ಕೂದಲೆಳೆಯೊಂದನ್ನು ಕತ್ತರಿಸಿ, ಕದಿರಿಗೆ ಸುತ್ತಿ ಆ ಸಮಾಧಿಯ ಮೇಲಿಡುತ್ತಿದ್ದರೆಂದು ಹೆರೊಡೋಟಸ್ ಬರೆದಿದ್ದಾನೆ. ಅಂದರೆ ಸಾವೆಲ್ಲವೂ ಮೈಲಿಗೆಯಲ್ಲ. ಪೂಜೆಗೆ ಸಂದ ಸಾವು ಉಳಿಯಬಹುದು, ಡೆಲೋಸಿಗರ ಅಜ್ಜ ಮುತ್ತಜ್ಜರ ಸಾವು ಮಾತ್ರ ಹೋಗಬೇಕು.

ಶುದ್ಧೀಕರಣದ ಬೆನ್ನಿಗೇ ಅಥೆನ್ಸಿಗರು ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಡೀಲಿಯಾ ಉತ್ಸವವನ್ನು ಮತ್ತೆ ವೈಭವದಿಂದ ಆರಂಭಿಸಿ ಅದಕ್ಕೆ ಕುದುರೆಪಂದ್ಯವನ್ನೂ ಸೇರಿಸಿದರು. ಈ ಉತ್ಸವಕ್ಕೆ ದೋಣಿಯಲ್ಲಿ ಬರುವವರ ಪಾಡನ್ನು ಪ್ಲುಟಾರ್ಕ್ ನಿಸಿಯಾಸನ ಜೀವನಚರಿತ್ರೆಯಲ್ಲಿ ಸೊಗಸಾಗಿ ಚಿತ್ರಿಸಿದ್ದಾನೆ. ನಗರಗಳು ಕಳಿಸುವ ಹಾಡುಗಾರರ ಹಡಗು ದಡ ಮುಟ್ಟುವಷ್ಟರಲ್ಲಿ ಜನ ಮುತ್ತಿಕೊಂಡು ಹಾಡಿರೆಂದು ಕೂಗುತ್ತಿದ್ದರು. ಅವರು ಇಳಿಯುತ್ತಲೇ ಹೂಮಾಲೆ ಮುಡಿಯುತ್ತ, ಬಟ್ಟೆ ಬದಲಿಸುತ್ತ, ಅಸ್ತವ್ಯಸ್ತವಾಗಿ ಹಾಡಲು ತೊಡಗುತ್ತಿದ್ದರು. ಸಿರಿವಂತ ಸೇನಾನಿ ನಿಸಿಯಾಸ್ ತನ್ನ ಸರದಿ ಬಂದಾಗ ಮೇಳವನ್ನು ನೇರವಾಗಿ ಡೆಲೋಸಿಗೆ ತರಲಿಲ್ಲ, ರೆನಿಯಾದಲ್ಲಿ ಇಳಿಸಿದ. ಅಥೆನ್ಸಿನಲ್ಲಿಯೇ ಅಳತೆಗೆ ತಕ್ಕಂತೆ ಮಾಡಿಸಿ ತಂದಿದ್ದ, ಚಿನ್ನದ ಲೇಪ, ಬಣ್ಣ, ತೋರಣಗಳಿಂದ ಸಿಂಗರಿಸಿದ ಸೇತುವೆಯನ್ನು ರಾತ್ರೋರಾತ್ರಿ ಜಲಸಂಧಿಗೆ ಅಡ್ಡಲಾಗಿ ಹಾಸಿದ. ಬೆಳಗಾಗುತ್ತಲೇ ಮೆರವಣಿಗೆ ಹಾಡುತ್ತ ಸಮುದ್ರದ ಮೇಲೆ ನಡೆದು ಬಂದಿತು. ಆಮೇಲೆ ಕಂಚಿನ ತಾಳೆಮರವೊಂದನ್ನು ನಿಲ್ಲಿಸಿದ, ಹತ್ತು ಸಾವಿರ ದ್ರಾಖ್ಮಾ ಕೊಟ್ಟು ಜಮೀನು ಕೊಂಡು ದೇವರಿಗೆ ಬಿಟ್ಟ. ಅದರ ಆದಾಯದಿಂದ ಡೆಲೋಸಿಗರು ಬಲಿ ಕೊಟ್ಟು ಔತಣ ಮಾಡಿ ನಿಸಿಯಾಸನಿಗೆ ಒಳಿತನ್ನು ಬೇಡಬೇಕೆಂಬ ಷರತ್ತನ್ನು ಕಲ್ಲಿನಲ್ಲಿ ಕೆತ್ತಿಸಿದ. ಕಂಚಿನ ಮರ ಮುಂದೆ ಗಾಳಿಗೆ ಮುರಿದು, ನ್ಯಾಕ್ಸೋಸಿನವರು ನಿಲ್ಲಿಸಿದ್ದ ಬೃಹನ್ಮೂರ್ತಿಯ ಮೇಲೆ ಬಿದ್ದು ಅದನ್ನೂ ಉರುಳಿಸಿತಂತೆ.

ಪ್ಲುಟಾರ್ಕನಿಗೆ ಇದು ದೈವಭಕ್ತಿ ಮತ್ತು ಜನಪ್ರಿಯತೆಯ ಹಂಬಲಗಳೆರಡೂ ಬೆರೆತ ಔದಾರ್ಯ. ಆದರೆ ಅದೇ ಕಿರಿದಾದ ನೀರನ್ನು, ಒಂದು ಕಿಲೋಮೀಟರೂ ಇಲ್ಲದ ಅಂತರವನ್ನು, ಡೆಲೋಸಿನ ಬಸುರಿಯರೂ ಮುದುಕರೂ ಯಾವ ತೋರಣವೂ ಇಲ್ಲದೆ ಎದುರು ದಿಕ್ಕಿನಲ್ಲಿ ದಾಟುತ್ತಿದ್ದರೆಂಬುದನ್ನು ನೆನೆದಾಗ ಈ ಪ್ರಸಂಗದ ಬಣ್ಣ ಬದಲಾಗುತ್ತದೆ.

ಶುದ್ಧಿಯ ತರ್ಕ ಅಲ್ಲಿಗೆ ನಿಲ್ಲಲಿಲ್ಲ. ಕ್ರಿ.ಪೂ. 422ರಲ್ಲಿ ಅಥೆನ್ಸಿಗರು, ಯಾವುದೋ ಹಳೆಯ ದೋಷದಿಂದ ಡೆಲೋಸಿಗರೇ ಅಪವಿತ್ರರೆಂದು ಸಾರಿ, ಬದುಕಿರುವವರನ್ನೂ ಹೊರಹಾಕಿದರು. ಮೊದಲು ಸತ್ತವರು, ನಂತರ ಸಾಯುವವರು ಮತ್ತು ಹುಟ್ಟುವವರು, ಕೊನೆಗೆ ಉಳಿದವರೆಲ್ಲರೂ. ಪರ್ಷಿಯನ್ ಅಧಿಕಾರಿ ಫಾರ್ನೇಸಿಸ್ ಏಷ್ಯಾ ಮೈನರಿನ ಅಡ್ರಮಿಟಿಯಮ್ಮಿನಲ್ಲಿ ಅವರಿಗೆ ನೆಲೆ ಕೊಟ್ಟ. ಮರುವರ್ಷ ಯುದ್ಧದ ಸೋಲುಗಳಿಂದ ಕಂಗೆಟ್ಟ ಅಥೆನ್ಸ್, ಡೆಲ್ಫಿಯ ದೈವವಾಣಿಗೆ ತಲೆಬಾಗಿ ಅವರನ್ನು ಹಿಂದಕ್ಕೆ ಕರೆಸಿಕೊಂಡಿತು. ಆದರೆ ಅಷ್ಟರೊಳಗೆ ಅಡ್ರಮಿಟಿಯಮ್ಮಿನಲ್ಲಿ ಆರ್ಸೇಸೀಸ್ ಎಂಬ ಪರ್ಷಿಯನ್ ದಳಪತಿ ಅವರ ಪ್ರಮುಖರನ್ನು ಸ್ನೇಹದ ನೆಪದಲ್ಲಿ ಕರೆದೊಯ್ದು, ಊಟಕ್ಕೆ ಕುಳಿತಾಗ ಸುತ್ತುವರಿದು ಕೊಲ್ಲಿಸಿದ್ದ. ಥುಸಿಡಿಡೀಸ್ ಈ ಮೂರು ಸಂಗತಿಗಳನ್ನೂ ಬೇರೆ ಬೇರೆ ಭಾಗಗಳಲ್ಲಿ, ಬೇರೆ ಪ್ರಸಂಗಗಳ ನಡುವೆ, ಒಂದೊಂದು ಚಿಕ್ಕ ಪರಿಚ್ಛೇದದಲ್ಲಿ ಹೇಳಿ ಮುಗಿಸುತ್ತಾನೆ. ಬಿಡಿಯಾಗಿ ಓದುವವರಿಗೆ ಅವು ಒಂದೇ ಜನರ ಕಥೆಯೆಂದು ತೋರುವುದೇ ಇಲ್ಲ.

ಡೆಲೋಸಿಗರು ತಮ್ಮ ಹಕ್ಕಿಗಾಗಿ ಸ್ಪಾರ್ಟಾದ ಮೊರೆಹೊಕ್ಕುದರ ನೆನಪೊಂದು ಪ್ಲುಟಾರ್ಕನ ಹೆಸರಿನಲ್ಲಿರುವ ಸ್ಪಾರ್ಟನ್ ಸೂಕ್ತಿಗಳ ಸಂಗ್ರಹದಲ್ಲಿದೆ. ಅವರ ಅಹವಾಲನ್ನು ಕೇಳಿದ ಪಾಸೇನಿಯಸ್, ಯಾರೊಬ್ಬರೂ ಹುಟ್ಟದ, ಯಾರಿಗೂ ಮಣ್ಣು ದೊರೆಯದ ಜಾಗ ನಿಮ್ಮ ತಾಯ್ನಾಡು ಹೇಗಾದೀತು ಎಂಬರ್ಥದ ಪ್ರಶ್ನೆ ಹಾಕಿದನಂತೆ. ಸಂಗ್ರಹ ಈ ಮಾತನ್ನು ಕ್ಲಿಯೊಂಬ್ರೊಟಸನ ಮಗ ಪಾಸೇನಿಯಸನದೆಂದು ಹೇಳುತ್ತದೆ. ಅವನು ಪ್ಲಟೀಯ ಯುದ್ಧದ ನಾಯಕ. ಈ ನಿಷೇಧ ಜಾರಿಗೆ ಬರುವುದಕ್ಕೆ ದಶಕಗಳ ಹಿಂದೆಯೇ ಸತ್ತವನು. ಮಾತು ಐತಿಹಾಸಿಕವಾಗಿದ್ದಲ್ಲಿ, ಶತಮಾನದ ಕೊನೆಯಲ್ಲಿ ಆಳಿದ ಅದೇ ಹೆಸರಿನ ದೊರೆಯದಾಗಿರಬೇಕು. ಯಾರದೇ ಆಗಲಿ, ಚಾಟೂಕ್ತಿಯೆಂದು ಸಂಗ್ರಹಕ್ಕೆ ಸೇರಿದ ಈ ಮಾತಿನಲ್ಲಿ ಕಾನೂನಿನ ಕ್ರೌರ್ಯ ಪೂರ್ತಿಯಾಗಿ ಅಡಗಿದೆ: ಮೊದಲು ಹಕ್ಕಿನ ಆಧಾರವನ್ನು ಕಿತ್ತುಕೊಂಡು, ಬಳಿಕ ಆಧಾರವೆಲ್ಲಿ ಎಂದು ಕೇಳುವುದು.

ಡೆಲೋಸಿನ ಯಾತ್ರೆಯಿಂದ ಒಬ್ಬನ ಆಯುಸ್ಸು ಬೆಳೆದುದೂ ಉಂಟು. ಪವಿತ್ರ ನೌಕೆ ಅಥೆನ್ಸಿನಿಂದ ಡೆಲೋಸಿಗೆ ಹೋಗಿ ಬರುವವರೆಗೆ ನಗರದಲ್ಲಿ ಮರಣದಂಡನೆ ಸಲ್ಲದು. ಕ್ರಿ.ಪೂ. 399ರಲ್ಲಿ ಸಾಕ್ರಟೀಸನ ವಿಚಾರಣೆಯ ಹಿಂದಿನ ದಿನವೇ ಆ ಹಡಗಿಗೆ ಮಾಲೆ ಹಾಕಲಾಗಿತ್ತು. ಹೀಗಾಗಿ ಅವನು ಮೂವತ್ತು ದಿನ ಸೆರೆಮನೆಯಲ್ಲಿ ಬದುಕಿದ್ದನೆಂದು ಕ್ಸೆನೊಫೋನ್ ಹೇಳುತ್ತಾನೆ.

ಕ್ರಿ.ಪೂ. 314ರಿಂದ ಸುಮಾರು ಒಂದೂವರೆ ಶತಮಾನ ಡೆಲೋಸ್ ಸ್ವತಂತ್ರವಾಗಿತ್ತು. ದೇವಾಲಯದ ಆಡಳಿತಗಾರರು ವರ್ಷವರ್ಷವೂ ಕಲ್ಲಿನಲ್ಲಿ ಕೆತ್ತಿಸಿದ ಲೆಕ್ಕಪತ್ರಗಳು ಈ ಅವಧಿಯವು: ಗೇಣಿಗೆ ಕೊಟ್ಟ ಹೊಲಗಳು, ಶೇಕಡಾ 10ರ ಬಡ್ಡಿಯ ಸಾಲಗಳು, ಕೂಲಿ, ಸೌದೆ, ಎಣ್ಣೆ. ಹುಟ್ಟು ಸಾವುಗಳ ಗುರುತಿಲ್ಲದ ಊರಿನ ದಿನಬಳಕೆಯ ಬದುಕು ಈ ಶಾಸನಗಳಿಂದಾಗಿಯೇ ನಮಗೆ ತಿಳಿದಿದೆ.

ಕ್ರಿ.ಪೂ. 167-166ರಲ್ಲಿ ರೋಮ್ ಈ ದ್ವೀಪವನ್ನು ಮತ್ತೆ ಅಥೆನ್ಸಿನ ಕೈಗೆ ಒಪ್ಪಿಸಿ ಸುಂಕರಹಿತ ಬಂದರನ್ನಾಗಿಸಿತು. ಡೆಲೋಸಿಗರು ಎರಡನೆಯ ಬಾರಿ, ಈ ಸಲ ಶಾಶ್ವತವಾಗಿ, ಹೊರಬಿದ್ದು ಅಕೀಯಾಕ್ಕೆ ಹೋದರು. ರೋಡ್ಸಿನ ಬಂದರು ಸುಂಕ ಹತ್ತು ಲಕ್ಷ ದ್ರಾಖ್ಮಾದಿಂದ ಒಂದೂವರೆ ಲಕ್ಷಕ್ಕೆ ಕುಸಿಯಿತೆಂದು ಪೊಲಿಬಿಯಸ್ ದಾಖಲಿಸಿದ್ದಾನೆ. ಆ ದೊಡ್ಡ ದ್ವೀಪವನ್ನು ದಂಡಿಸುವುದೂ ರೋಮಿನ ಉದ್ದೇಶವಾಗಿತ್ತು. ಇಟಲಿಯವರು, ಬೈರೂತಿನ ವರ್ತಕರು, ಈಜಿಪ್ಟಿನ ಸೆರಾಪಿಸ್ ಐಸಿಸರ ಭಕ್ತರು, ಸಿರಿಯಾದ ಅಟಾರ್ಗಟಿಸಳ ಭಕ್ತರು, ಸಮರಿಟನ್ನರು, ಎಲ್ಲರೂ ಬಂದು ನೆಲೆಸಿದರು. ಇಂದು ಯಾತ್ರಿಕರು ಬೆರಗಿನಿಂದ ನೋಡುವ ಮೊಸಾಯಿಕ್ ನೆಲದ ಮನೆಗಳಲ್ಲಿ ಬಹುಪಾಲು ಇವರ ಕಾಲದವು. ಸ್ಟ್ರಾಬೊ ಹೇಳುವಂತೆ ಒಂದೇ ದಿನದಲ್ಲಿ ಹತ್ತು ಸಾವಿರ ಗುಲಾಮರನ್ನು ಬರಮಾಡಿಕೊಂಡು ಸಾಗಹಾಕುವ ಶಕ್ತಿ ಈ ಬಂದರಿಗಿತ್ತು. ಸಂಖ್ಯೆ ಉತ್ಪ್ರೇಕ್ಷೆಯಿರಬಹುದು. ಇಟಲಿಯವರ ಅಂಗಳವೆಂದು ಕರೆಯುವ ವಿಶಾಲ ಕಟ್ಟಡ ಗುಲಾಮರ ಸಂತೆಯೇ ಅಲ್ಲವೇ ಎಂಬ ಚರ್ಚೆಯೂ ಮುಗಿದಿಲ್ಲ. ಹೆರಿಗೆಯ ನೆತ್ತರಿನಿಂದ ಕೆಡುವ ನೆಲ ಈ ವ್ಯಾಪಾರದಿಂದ ಕೆಡಲಿಲ್ಲವೆಂಬುದಂತೂ ಚರ್ಚೆಗೆ ಹೊರತಾದುದು.

ಕ್ರಿ.ಪೂ. 88ರಲ್ಲಿ ಮಿಥ್ರಡೇಟೀಸನ ಸೇನೆ, ಕ್ರಿ.ಪೂ. 69ರಲ್ಲಿ ಕಡಲ್ಗಳ್ಳರು ಡೆಲೋಸನ್ನು ಸುಲಿದರು. ವ್ಯಾಪಾರ ಬೇರೆಡೆಗೆ ಹರಿಯಿತು. ಕ್ರಿ.ಶ. 2ನೆಯ ಶತಮಾನದ ಪ್ರವಾಸಿ ಲೇಖಕ ಪಾಸೇನಿಯಸ್, ಅಥೆನ್ಸಿನ ಕಾವಲುಪಡೆಯನ್ನು ತೆಗೆದರೆ ಅಲ್ಲಿ ಡೆಲೋಸಿಗರೆಂಬುವರು ಒಬ್ಬರೂ ಇರರೆಂದು ಬರೆದ. ಮುಂದಿನ ಶತಮಾನಗಳಲ್ಲಿ ಸುತ್ತಲಿನ ದ್ವೀಪಗಳವರಿಗೆ ಅದು ಕಲ್ಲಿನ ಗಣಿಯಾಯಿತು. ಸಿಂಹಗಳಲ್ಲಿ ಒಂದು ವೆನಿಸಿನ ನೌಕಾಗಾರದ ಬಾಗಿಲಿಗೆ ಸೇರಿತು.

ಅಥೆನ್ಸಿನಲ್ಲಿರುವ ಫ್ರೆಂಚ್ ವಿದ್ಯಾಸಂಸ್ಥೆ 1870ರ ದಶಕದ ಆರಂಭದಲ್ಲಿ ಉತ್ಖನನಕ್ಕೆ ತೊಡಗಿತು. 1990ರಲ್ಲಿ ದ್ವೀಪ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅಪೊಲೊನ ಜನನದೊಡನೆ ಹೆಣೆದುಕೊಂಡ ಪವಿತ್ರ ಸರೋವರವನ್ನು ಮಲೇರಿಯಾದ ಭಯದಿಂದ 1920ರ ದಶಕದಲ್ಲಿ ಬತ್ತಿಸಿದ್ದಾರೆ, ನಡುವೆ ಒಂದು ತಾಳೆಮರವನ್ನು ನೆಟ್ಟಿದ್ದಾರೆ. ರೆನಿಯಾದಲ್ಲಿ ಗ್ರೀಕ್ ಪುರಾತತ್ತ್ವಜ್ಞ ಸ್ಟಾವ್ರೊಪೌಲೋಸ್ 1898ರಲ್ಲಿ, ಅಥೆನ್ಸಿಗರು ಸಮಾಧಿಗಳ ಸಾಮಗ್ರಿಯನ್ನು ತಂದು ಸುರಿದಿದ್ದ ಗುಂಡಿಯನ್ನೇ ಪತ್ತೆಹಚ್ಚಿದ. ಅಸ್ಥಿಗಳೊಡನೆ ಕ್ರಿ.ಪೂ. 8ರಿಂದ 5ನೆಯ ಶತಮಾನದವರೆಗಿನ ಮಡಕೆ ಕುಡಿಕೆಗಳು ರಾಶಿರಾಶಿಯಾಗಿ ದೊರೆತವು. ಅವುಗಳಿಗಾಗಿಯೇ ಮುಂದಿನ ಶತಮಾನದ ಆರಂಭದಲ್ಲಿ ಮೈಕೊನೋಸಿನಲ್ಲಿ ವಸ್ತುಸಂಗ್ರಹಾಲಯ ಕಟ್ಟಲಾಯಿತು. ಡೆಲೋಸಿಗರು ತಮ್ಮ ಸತ್ತವರ ಪಕ್ಕದಲ್ಲಿಟ್ಟ ಆ ಪಾತ್ರೆಗಳು, ಡೆಲೋಸಿಗೆ ದೋಣಿಗಳು ಹೊರಡುವ ಬಂದರಿನಿಂದ ಅನತಿ ದೂರದ ಆ ಕಟ್ಟಡದಲ್ಲಿವೆ.