ಸ್ಥೂಲಕಾಯ ಆಪ್ತಸಮಾಲೋಚನೆ: ವೈದ್ಯರ ತರಬೇತಿಯ ಇತಿಹಾಸ

ದೇಹದಲ್ಲಿ ಆರೋಗ್ಯಕ್ಕೆ ಹಾನಿಯಾಗುವಷ್ಟು ಕೊಬ್ಬು ಸಂಗ್ರಹವಾಗುವ ಸ್ಥಿತಿಗೆ ಸ್ಥೂಲಕಾಯ ಅಥವಾ ಬೊಜ್ಜು ಎಂದು ಹೆಸರು. ರೋಗಿಯ ಮನಸ್ಸು ನೋಯದಂತೆ ತೂಕದ ವಿಷಯವನ್ನು ಪ್ರಸ್ತಾಪಿಸಿ, ಆಹಾರ, ಚಟುವಟಿಕೆ, ನಿದ್ರೆಗಳಲ್ಲಿ ಸಾಧ್ಯವಾಗುವ ಬದಲಾವಣೆಯನ್ನು ರೋಗಿಯೊಂದಿಗೇ ಗೊತ್ತುಮಾಡಿ, ಮುಂದಿನ ಭೇಟಿಗಳಲ್ಲಿ ಅದರ ಪ್ರಗತಿಯನ್ನು ವಿಚಾರಿಸುವ ಕ್ರಮವೇ ಸ್ಥೂಲಕಾಯ ಆಪ್ತಸಮಾಲೋಚನೆ. ವೈದ್ಯರಿಗೆ ಇದನ್ನು ಕಲಿಸುವ ಶಿಕ್ಷಣವು 20ನೆಯ ಶತಮಾನದ ಉತ್ತರಾರ್ಧದಲ್ಲಿ, ಮುಖ್ಯವಾಗಿ ಅಮೆರಿಕದಲ್ಲಿ, ರೂಪುಗೊಂಡಿತು.

ಹಿನ್ನೆಲೆ

ಪಥ್ಯದ ಪಟ್ಟಿಯೊಂದನ್ನು ಕೊಟ್ಟು ಕಡಿಮೆ ತಿನ್ನಲು ಹೇಳಿದರೆ ವೈದ್ಯರ ಕರ್ತವ್ಯ ಮುಗಿಯಿತೆಂಬ ನಂಬಿಕೆ ಬಹುಕಾಲ ಪ್ರಬಲವಾಗಿತ್ತು. ಮನೋವೈದ್ಯ ಆಲ್ಬರ್ಟ್ ಸ್ಟಂಕರ್ಡ್ ಮತ್ತು ಮೇವಿಸ್ ಮೆಕ್ಲಾರೆನ್-ಹ್ಯೂಮ್ 1959ರಲ್ಲಿ ಪ್ರಕಟಿಸಿದ ಅಧ್ಯಯನ ಈ ನಂಬಿಕೆಯನ್ನು ಅಲುಗಾಡಿಸಿತು. ಅವರು ಗಮನಿಸಿದ 100 ರೋಗಿಗಳಲ್ಲಿ 20 ಪೌಂಡ್, ಅಂದರೆ ಸುಮಾರು 9 ಕಿಲೋಗ್ರಾಂ, ತೂಕ ಇಳಿಸಿಕೊಂಡವರು 12 ಮಂದಿ ಮಾತ್ರ. ಎರಡು ವರ್ಷಗಳ ನಂತರವೂ ಅದನ್ನು ಉಳಿಸಿಕೊಂಡವರು ಇಬ್ಬರೇ. 1967ರಲ್ಲಿ ರಿಚರ್ಡ್ ಸ್ಟುವರ್ಟ್ ಅವರು ವರ್ತನಾ ಚಿಕಿತ್ಸೆಯನ್ನು, ಎಂದರೆ ತಿನ್ನುವ ಸಮಯ, ಸ್ಥಳ ಮತ್ತು ಸಂದರ್ಭಗಳನ್ನು ದಾಖಲಿಸಿಕೊಂಡು ಅಭ್ಯಾಸವನ್ನು ಹಂತಹಂತವಾಗಿ ತಿದ್ದಿಕೊಳ್ಳುವ ವಿಧಾನವನ್ನು, ಬೊಜ್ಜಿನ ಚಿಕಿತ್ಸೆಗೆ ಅನ್ವಯಿಸಿದರು.

ಪಠ್ಯದಿಂದ ಸಂಭಾಷಣೆಗೆ

ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ 1985ರ ವರದಿಯು ವೈದ್ಯಕೀಯ ಕಾಲೇಜುಗಳಲ್ಲಿ ಪೋಷಣಶಾಸ್ತ್ರಕ್ಕೆ ಕನಿಷ್ಠ 25 ಗಂಟೆಗಳ ಬೋಧನೆ ಇರಬೇಕೆಂದು ಸೂಚಿಸಿತು. ಆದರೆ ಆಹಾರದ ಜ್ಞಾನವಿದ್ದ ಮಾತ್ರಕ್ಕೆ ರೋಗಿಯೊಡನೆ ಮಾತನಾಡುವ ಕೌಶಲ ಬರುವುದಿಲ್ಲವೆಂಬುದು ಕ್ರಮೇಣ ಸ್ಪಷ್ಟವಾಯಿತು. ಮದ್ಯವ್ಯಸನಿಗಳ ಚಿಕಿತ್ಸೆಗಾಗಿ ವಿಲಿಯಂ ಮಿಲ್ಲರ್ 1983ರಲ್ಲಿ ವಿವರಿಸಿ, ಸ್ಟೀಫನ್ ರಾಲ್ನಿಕ್ ಅವರೊಡನೆ 1991ರಲ್ಲಿ ಗ್ರಂಥರೂಪಕ್ಕೆ ತಂದ ಪ್ರೇರಣಾ ಸಂದರ್ಶನ ಈ ಕೊರತೆಯನ್ನು ತುಂಬಲು ನೆರವಾಯಿತು. ಇದರಲ್ಲಿ ವೈದ್ಯರು ಬುದ್ಧಿವಾದ ಹೇಳದೆ, ಮುಕ್ತ ಪ್ರಶ್ನೆಗಳನ್ನು ಕೇಳಿ, ಬದಲಾಗಬೇಕಾದ ಕಾರಣಗಳನ್ನು ರೋಗಿಯ ಬಾಯಿಂದಲೇ ಹೊರಡಿಸುತ್ತಾರೆ. ಧೂಮಪಾನ ಬಿಡಿಸಲು ರೂಪಿಸಿದ್ದ, ಕೇಳುವುದು, ಸಲಹೆ ನೀಡುವುದು, ಅಳೆಯುವುದು, ನೆರವಾಗುವುದು, ಮುಂದಿನ ಭೇಟಿ ಗೊತ್ತುಮಾಡುವುದು ಎಂಬ ಐದು ಹೆಜ್ಜೆಗಳ ಕ್ರಮವನ್ನೂ ಬೊಜ್ಜಿನ ಚಿಕಿತ್ಸೆಗೆ ಅಳವಡಿಸಲಾಯಿತು.

1999ರಲ್ಲಿ ಪ್ರಕಟವಾದ ಅಮೆರಿಕದ ಸಮೀಕ್ಷೆಯೊಂದರಲ್ಲಿ, ಹಿಂದಿನ ವರ್ಷ ಸಾಮಾನ್ಯ ತಪಾಸಣೆಗೆ ಹೋಗಿದ್ದ ಸ್ಥೂಲಕಾಯರ ಪೈಕಿ ತೂಕ ಇಳಿಸುವ ಸಲಹೆ ಪಡೆದುದಾಗಿ ಹೇಳಿದವರು ಶೇ. 42 ಮಾತ್ರ. 2003ರಲ್ಲಿ ಗ್ಯಾರಿ ಫಾಸ್ಟರ್ ಮತ್ತು ಸಂಗಡಿಗರು 620 ವೈದ್ಯರನ್ನು ವಿಚಾರಿಸಿದಾಗ, ಅರ್ಧಕ್ಕಿಂತ ಹೆಚ್ಚು ಮಂದಿ ಇಂಥ ರೋಗಿಗಳನ್ನು ಕುರೂಪಿಗಳು, ಹೇಳಿದ ಮಾತು ಕೇಳದವರು ಎಂದೆಲ್ಲ ಕಂಡಿದ್ದು ಬೆಳಕಿಗೆ ಬಂದಿತು. ಹೀಗೆ ವೈದ್ಯರ ಪೂರ್ವಗ್ರಹವನ್ನು ಕಳೆಯುವುದೂ ತರಬೇತಿಯ ಉದ್ದೇಶಗಳಲ್ಲಿ ಸೇರಿತು. 40 ವೈದ್ಯರ ಸಂಭಾಷಣೆಗಳನ್ನು ಧ್ವನಿಮುದ್ರಿಸಿ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತೂಕದ ಮಾತೆತ್ತಿದ ಮಾತ್ರಕ್ಕೆ ಫಲ ಕಾಣಲಿಲ್ಲ. ಪ್ರೇರಣಾ ಸಂದರ್ಶನಕ್ಕೆ ಹೊಂದುವ ರೀತಿಯಲ್ಲಿ ಮಾತನಾಡಿದ ವೈದ್ಯರ ರೋಗಿಗಳಲ್ಲಿ ತೂಕ ಇಳಿದಿತ್ತು.

ಸಾಂಸ್ಥಿಕ ಮನ್ನಣೆ

ಅಮೆರಿಕದ ಮೆಡಿಕೇರ್ ವಿಮಾ ಯೋಜನೆ 2011ರಲ್ಲಿ ಇಂಥ ಸಮಾಲೋಚನೆಗೆ ಹಣ ಭರಿಸಲು ಒಪ್ಪಿತು. ಅದೇ ವರ್ಷ ಸ್ಥೂಲಕಾಯ ವೈದ್ಯಕೀಯದಲ್ಲಿ ಪ್ರಮಾಣಪತ್ರ ನೀಡುವ ಮಂಡಳಿಯೂ ಅಲ್ಲಿ ಸ್ಥಾಪನೆಯಾಯಿತು. ಇಂಗ್ಲೆಂಡಿನಲ್ಲಿ 1,882 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗವು, ಕುಟುಂಬ ವೈದ್ಯರು ಸುಮಾರು 30 ಸೆಕೆಂಡುಗಳಲ್ಲಿ ಮಾತು ಮುಗಿಸಿ ತೂಕ ನಿರ್ವಹಣೆಯ ಕಾರ್ಯಕ್ರಮಕ್ಕೆ ಕಳುಹಿಸಿದರೂ ಪ್ರಯೋಜನವಿದೆಯೆಂದೂ, ಬಹುಪಾಲು ರೋಗಿಗಳು ಅದನ್ನು ತಪ್ಪಾಗಿ ತಿಳಿಯುವುದಿಲ್ಲವೆಂದೂ ತೋರಿಸಿತು.

ಭಾರತದಲ್ಲಿ

ಭಾರತೀಯರಿಗೆ ಕಡಿಮೆ ತೂಕದಲ್ಲೇ ಮಧುಮೇಹದ ಅಪಾಯ ಎದುರಾಗುವುದರಿಂದ, ಎತ್ತರಕ್ಕೆ ತಕ್ಕ ತೂಕವನ್ನು ಸೂಚಿಸುವ ಬಿಎಂಐ 25 ಆದರೇ ಸ್ಥೂಲಕಾಯವೆಂದು ಪರಿಗಣಿಸಬೇಕೆಂದು 2009ರ ತಜ್ಞರ ಒಮ್ಮತದ ಹೇಳಿಕೆ ಸೂಚಿಸಿತು. 2019ರಲ್ಲಿ ಜಾರಿಗೆ ಬಂದು ಕರ್ನಾಟಕದ ಕಾಲೇಜುಗಳಿಗೂ ಅನ್ವಯಿಸಿದ ಸಾಮರ್ಥ್ಯಾಧಾರಿತ ಎಂಬಿಬಿಎಸ್ ಪಠ್ಯಕ್ರಮವು ಸ್ಥೂಲಕಾಯವನ್ನು ಪ್ರತ್ಯೇಕ ವಿಷಯವಾಗಿ ಸೇರಿಸಿಕೊಂಡು, ಜೀವನಶೈಲಿಯ ಸೂಚನೆಗಳನ್ನು ಪಾಲಿಸಲಾಗದ ರೋಗಿಯ ಕಷ್ಟವನ್ನು ಅರಿತು, ದೂಷಿಸದೆ ಸಮಾಲೋಚಿಸುವುದನ್ನು ವಿದ್ಯಾರ್ಥಿ ಕಲಿಯಬೇಕಾದ ಸಾಮರ್ಥ್ಯವೆಂದು ವಿಧಿಸಿತು.

ತೂಕ ಇಳಿಸುವ ಸೆಮಾಗ್ಲುಟೈಡ್‌ನಂಥ ಹೊಸ ಔಷಧಗಳು ಬಂದ ಮೇಲೂ ಈ ತರಬೇತಿಯ ಅಗತ್ಯ ತಗ್ಗಿಲ್ಲ. ಔಷಧ ನಿಲ್ಲಿಸಿದರೆ ತೂಕ ಮರಳುವ ಸಾಧ್ಯತೆ ಹೆಚ್ಚಿರುವುದರಿಂದ, ಚಿಕಿತ್ಸೆಯ ಆಯ್ಕೆ, ಅವಧಿ ಮತ್ತು ಮಿತಿಗಳನ್ನು ರೋಗಿಯೊಡನೆ ಗೌರವದಿಂದ ಚರ್ಚಿಸುವುದು ವೈದ್ಯರ ಕರ್ತವ್ಯದ ಮುಖ್ಯ ಭಾಗವಾಗಿಯೇ ಉಳಿದಿದೆ.